ಕೂತ ರಾಕ್ಷಸನಿಗೆ ಮೊಣಕಾಲು ನೋವು

ಕಾರಿನ ಬಾಗಿಲು ಮುಚ್ಚುವ ಸದ್ದಿನಲ್ಲಿ ಎರಡು ಬಗೆ. ಒಂದೇ ಬಾಗಿಲು ಮುಚ್ಚಿಕೊಂಡರೆ ಯಾರೋ ಮನುಷ್ಯರು ಬಂದರು ಅಂತ ಅರ್ಥ. ಐದಾರು ಬಾಗಿಲು ಒಂದರ ಬೆನ್ನಿಗೊಂದು ಡಬ್, ಡಬ್, ಡಬ್ ಎಂದು ಬಡಿದುಕೊಂಡರೆ ಬಂದದ್ದು ರಾಜಕಾರಣಿ. ಕಿವಿ ಮೇಡಮ್ಮಿಗೆ ಈ ಎರಡನೆಯ ಸದ್ದು ಮೂರು ಗೋಡೆಯಾಚೆಯಿಂದಲೂ ತಿಳಿಯುತ್ತಿತ್ತು. ತಿಳಿದದ್ದೇ ತಡ, ಅಂಗೈ ಒದ್ದೆ, ನಾಲಗೆ ಒಣ, ಹೊಟ್ಟೆಯೊಳಗೆ ಯಾರೋ ತುಂಬಿದ ಬಿಂದಿಗೆಯನ್ನು ಬೋರಲು ಹಾಕಿದ ಹಾಗೆ. ಆಮೇಲೆ ಕಾಲುಗಳು ಅವಳನ್ನು ಕೇಳದೆಯೇ ಕಾರಿಡಾರಿನ ತುದಿಯ ಬಚ್ಚಲಿಗೆ ಹೊರಟುಬಿಡುತ್ತಿದ್ದವು. ಒಳಗೆ ಹೋಗಿ ಚಿಲಕ ಹಾಕಿಕೊಂಡು, ಅದೇ ಬಾಗಿಲುಗಳು ಮತ್ತೆ ಬಡಿದುಕೊಂಡು ಕಾರುಗಳು ಹೊರಡುವ ತನಕ ಗೋಡೆಯ ಟೈಲ್ಸು ಎಣಿಸುತ್ತಾ ನಿಲ್ಲುವುದು. ಎಡಗೋಡೆಗೆ ನೂರಾ ನಲವತ್ತನಾಲ್ಕು ಟೈಲ್ಸು. ಅದರಲ್ಲಿ ಏಳು ಒಡೆದಿವೆ.

ದೊಡ್ಡ ಸರ್ಕಾರಿ ಆಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್‌ರೇ ಕೋಣೆ ದಾಟಿದ ಮೇಲೆ ಸಿಗುವ ಎರಡು ಕೋಣೆಗಳಲ್ಲಿ ಅವಳ ಕೆಲಸ. ಹೊರಕೋಣೆಯಲ್ಲಿ ಮೇಜು, ಒಂದು ಮರದ ಸ್ಟೂಲು, ಹಳೆಯ ಚಿಕ್ಕ ಮಷೀನು. ಒಳಕೋಣೆ ಸದ್ದಿಲ್ಲದ ಕೋಣೆ: ಗೋಡೆಗೆಲ್ಲ ದಪ್ಪ ಮೆತ್ತೆ, ಕಿಟಕಿಗೆ ಎರಡು ಪದರ ಗಾಜು, ತೆಗೆಯಲು ಭುಜ ಕೊಡಬೇಕಾದಷ್ಟು ಭಾರದ ಬಾಗಿಲು. ಯಾರಿಗೆ ಎಷ್ಟು ಕೇಳಿಸುತ್ತದೆ, ಎಷ್ಟು ಕೇಳಿಸುವುದಿಲ್ಲ ಎಂದು ಅಳೆದು ಬರೆದು ಸಹಿ ಹಾಕುವುದು ಅವಳ ಕೆಲಸ. ಕಿವಿ ಮೇಡಮ್ಮು ಎಂದು ಮೊದಲು ಕರೆದವಳು ಅಲ್ಲಿನ ಆಯಾ. ಆಸ್ಪತ್ರೆ ಶುರುವಾದಾಗಿನಿಂದ ಇರುವ ಆಯಾ ಒಂದು ಹೆಸರಿಟ್ಟಳೆಂದರೆ ಅದನ್ನು ದೊಡ್ಡ ಡಾಕ್ಟ್ರೂ ಬದಲಿಸಲಾರರು.

ಆ ಮಂಗಳವಾರ ಒಳಕೋಣೆಯಲ್ಲಿ ನಿದ್ದೆ ಪರೀಕ್ಷೆ ನಡೆಯುತ್ತಿತ್ತು. ಕೇಳಿಸಿತೋ ಇಲ್ಲವೋ ಎಂದು ಬಾಯಿಬಿಟ್ಟು ಹೇಳಲಾರದ ಪುಟ್ಟ ಮಕ್ಕಳಿಗೆ ಮಾಡುವ ಪರೀಕ್ಷೆ ಅದು. ಮಗು ಗಾಢವಾಗಿ ಮಲಗಿರಬೇಕು. ಹಣೆಗೆ, ಕಿವಿಯ ಹಿಂದೆ ತಂತಿಯ ಬಿಲ್ಲೆ ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಎಂದು ಸದ್ದು ಬಿಟ್ಟರೆ, ಆ ಸದ್ದು ತಲೆಯೊಳಗೆ ಎಲ್ಲಿಯವರೆಗೆ ಹೋಯಿತೆಂದು ಪರದೆಯ ಮೇಲೆ ಗೆರೆಯಾಗಿ ಮೂಡುತ್ತದೆ. ಸಣ್ಣ ಸಣ್ಣ ಗುಡ್ಡಗಳ ಸಾಲು. ಐದನೆಯ ಗುಡ್ಡ ಎದ್ದು ನಿಂತರೆ ಸದ್ದು ಮುಟ್ಟಿತು ಎಂದು ಲೆಕ್ಕ. ಮಗು ಮಿಸುಕಿದರೆ ಗೆರೆ ಕಲಸಿಹೋಗುತ್ತದೆ. ಎದ್ದು ಅತ್ತರೆ ಆ ದಿನವೇ ಮುಗಿಯಿತು.

ಹಾಗಾಗಿ ಮಗುವನ್ನು ಮೊದಲೇ ನಿದ್ದೆಗೆಡಿಸಿ ಕರೆತರಬೇಕು. ಪುಟ್ಟಿಯ ಅಮ್ಮ ಬೆಳಗಿನ ಜಾವ ಮೂರಕ್ಕೇ ಅವಳನ್ನು ಎಬ್ಬಿಸಿದ್ದಳು. ಮುಖಕ್ಕೆ ನೀರು ಚಿಮುಕಿಸಿ, ಕಚಗುಳಿಯಿಟ್ಟು, ಬಸ್ಸಿನಲ್ಲಿ ತೂಕಡಿಸಿದಾಗಲೆಲ್ಲ ಕಿಟಕಿಯ ಗಾಳಿಗೆ ಹಿಡಿದು, ಕಣ್ಣು ಕೆಂಪಾದ ಮಗುವನ್ನು ಎಚ್ಚರವಾಗಿಯೇ ಇಲ್ಲಿಯವರೆಗೆ ತಂದಿದ್ದಳು. ಇಸ್ತ್ರಿ ಅಂಗಡಿಯಲ್ಲಿ ದಿನಕ್ಕೆ ನೂರು ಬಟ್ಟೆ ಮಡಚುವ ಕೈ ಅವಳದು. ಆ ಕೈ ಈಗ ಮಗುವಿನ ಬೆನ್ನಿನ ಮೇಲೆ ಗಾಳಿಯಷ್ಟು ಹಗುರಾಗಿ ಆಡುತ್ತಿತ್ತು. ಪುಟ್ಟಿಗೆ ಮೂರೂವರೆ ವರ್ಷ. ಈವರೆಗೆ 'ಅಮ್ಮಾ' ಅಂದಿಲ್ಲ.

ಇದು ಮೂರನೆಯ ಸಲ. ಮೊದಲ ಸಲ ಪುಟ್ಟಿ ಬಸ್ಸಿನಲ್ಲೇ ನಿದ್ದೆ ತೀರಿಸಿಕೊಂಡು ಕೋಣೆಯಲ್ಲಿ ಕುಣಿದಿದ್ದಳು. ಎರಡನೆಯ ಸಲ ಚೆನ್ನಾಗಿಯೇ ಮಲಗಿದ್ದಳು, ಬಿಲ್ಲೆಗಳೂ ಅಂಟಿದ್ದವು. ಆದರೆ ಅವತ್ತು ಹೊಸ ಲಿಫ್ಟಿನ ರಿಬ್ಬನ್ನು ಕತ್ತರಿಸಲು ಯಾವನೋ ಒಬ್ಬ ಬ್ಯಾಂಡ್ ಸೆಟ್ಟಿನೊಂದಿಗೆ ಬಂದ. ಬಾಗಿಲು ಬಡಿದುಕೊಂಡ ಸದ್ದಿಗೇ ಕಿವಿ ಮೇಡಮ್ಮು ಬಚ್ಚಲು ಸೇರಿದಳು, ಒಳಕೋಣೆಯ ಬಾಗಿಲು ಸರಿಯಾಗಿ ಎಳೆದುಕೊಳ್ಳಲೂ ಇಲ್ಲ. ನಲವತ್ತು ನಿಮಿಷದ ಮೇಲೆ ಹೊರಬಂದು ನೋಡಿದರೆ ತಂತಿಗಳೆಲ್ಲ ಕಿತ್ತುಬಿದ್ದಿದ್ದವು, ಮಗು ಕಿರುಚಿ ಕಿರುಚಿ ಬಿಕ್ಕುತ್ತಿತ್ತು. ಅಮ್ಮ ಬೈಯಲಿಲ್ಲ. "ಇನ್ನೊಂದು ತಾರೀಕು ಕೊಡಿ ಮೇಡಂ," ಎಂದಳು ಅಷ್ಟೇ. ಬೈದಿದ್ದರೆ ವಾಸಿಯಿತ್ತು. ಆ 'ಕೊಡಿ' ಎಂಬ ಮಾತು ಆರು ವಾರದಿಂದ ಕಿವಿ ಮೇಡಮ್ಮಿನ ಕಿವಿಯಲ್ಲೇ ಕೂತಿತ್ತು. ಲಿಫ್ಟು ಮಾತ್ರ ರಿಬ್ಬನ್ನು ಕತ್ತರಿಸಿದ ಮೂರನೇ ದಿನ ಕೆಟ್ಟಿದ್ದು ಇನ್ನೂ ಎದ್ದಿಲ್ಲ.

ಅವತ್ತು ಸಂಜೆಯೇ ಅವಳು ಮನಸ್ಸಿನ ಡಾಕ್ಟ್ರಮ್ಮನ ಬಾಗಿಲು ತಟ್ಟಿದ್ದಳು. ಎರಡನೇ ಮಹಡಿಯ ಆ ಡಾಕ್ಟ್ರಮ್ಮ ಕ್ಯಾಂಟೀನಿನಲ್ಲಿ ಜೊತೆಗೆ ಕೂತು ಊಟ ಮಾಡುವಷ್ಟು ಪರಿಚಯ.

"ನಗಬಾರದು ನೋಡಿ," ಎಂದೇ ಶುರುಮಾಡಿದ್ದಳು. "ಜನ ಹಾವಿಗೆ ಹೆದರ್ತಾರೆ, ಜಿರಳೆಗೆ ಹೆದರ್ತಾರೆ. ನಾನು ರಾಜಕಾರಣಿಗಳಿಗೆ ಹೆದರ್ತೀನಿ. ಅವರು ನಂಗೇನೂ ಮಾಡಿಲ್ಲ. ಆದ್ರೂ."

ಡಾಕ್ಟ್ರಮ್ಮ ನಗಲಿಲ್ಲ. "ಏನೂ ಮಾಡಿಲ್ವಾ? ಯೋಚಿಸಿ ಹೇಳಿ."

ಯೋಚಿಸಬೇಕಾದ್ದೇನೂ ಇರಲಿಲ್ಲ. ಏಳು ವರ್ಷದವಳಿದ್ದಾಗ ಶಾಲೆಯ ಹೊಸ ಕಟ್ಟಡಕ್ಕೆ ಒಬ್ಬ ದೊಡ್ಡ ಮನುಷ್ಯ ಬರುವವನಿದ್ದ. ಹೂಗುಚ್ಛ ಕೊಡಲು ಇವಳನ್ನು ಆರಿಸಿದರು. ಚಿಕ್ಕಮ್ಮನ ಮಗಳ ಫ್ರಾಕು ಹಾಕಿಸಿ ಬೆಳಿಗ್ಗೆ ಎಂಟಕ್ಕೆ ಬಿಸಿಲಲ್ಲಿ ನಿಲ್ಲಿಸಿದರು. ಒಂಬತ್ತಕ್ಕೆ, "ಮಿಸ್, ಒಂದಕ್ಕೆ ಹೋಗ್ಬೇಕು." "ಬಂದೇ ಬಿಟ್ರು, ಸ್ವಲ್ಪ ತಡ್ಕೋ." ಹತ್ತಕ್ಕೆ, "ಮಿಸ್." "ಈಗ ಸಾಲು ಬಿಟ್ಟು ಹೋದ್ರೆ ಹೇಗಮ್ಮಾ?" ಹನ್ನೆರಡಕ್ಕೆ ಕೇಳುವುದನ್ನೇ ನಿಲ್ಲಿಸಿದಳು. ಅವನು ಬಂದದ್ದು ಒಂದೂವರೆಗೆ. ವೇದಿಕೆಯ ಮೇಲೆ ಹೂಗುಚ್ಛ ಕೊಟ್ಟವಳನ್ನು ಫೋಟೋಗೆಂದು ಎತ್ತಿಕೊಂಡ. ಎತ್ತಿದಾಗ ಅವನ ಕೈ ಸರಿಯಾಗಿ ಹೊಟ್ಟೆಯನ್ನೇ ಒತ್ತಿತು. ಐದೂವರೆ ಗಂಟೆ ಬಿಗಿಹಿಡಿದಿದ್ದೆಲ್ಲ ಅವನ ತೋಳಿನ ಮೇಲೆ ಹರಿಯಿತು. ಅವನು ಮೈಕಿನಲ್ಲಿ ಗಹಗಹಿಸಿ ನಕ್ಕು, "ನೋಡಿದ್ರಾ! ನಾನು ಕಾಲಿಟ್ಟ ಕೂಡ್ಲೇ ನಿಮ್ಮೂರಿನ ನೀರಿನ ಸಮಸ್ಯೆ ಪರಿಹಾರ!" ಎಂದ. ಇಡೀ ಮೈದಾನ ನಕ್ಕಿತು. ಮಿಸ್ಸೂ ನಕ್ಕರು. ಆ ಫೋಟೋ ಹೆಡ್‌ಮೇಡಮ್ಮಿನ ಕೋಣೆಯಲ್ಲಿ ಮೂರು ವರ್ಷ ನೇತಾಡಿತು.

ಅಜ್ಜಿ ಮಾತ್ರ ನಗಲಿಲ್ಲ. ಫ್ರಾಕು ಒಗೆದು ಹರವಿ, ಮಾರನೇ ದಿನ ಶಾಲೆಗೆ ನಡೆದುಹೋಗಿ ಕೇಳಿದ್ದಳಂತೆ: "ಮಗು ಫೋಟೋ ಹಾಕಿದ್ದೀರಿ, ಸಂತೋಷ. ಮಗೂನ ಐದೂವರೆ ಗಂಟೆ ನಿಲ್ಲಿಸಿದವರ ಫೋಟೋ ಎಲ್ಲಿ? ಅದನ್ನೂ ಹಾಕಿ."

"ಅವನು ಸತ್ತು ಹತ್ತು ವರ್ಷ ಆಯ್ತು," ಎಂದು ಕಿವಿ ಮೇಡಮ್ಮು ಡಾಕ್ಟ್ರಮ್ಮನಿಗೆ ಹೇಳಿದಳು. "ಈಗ ಬರೋರೆಲ್ಲ ಬೇರೆ. ನಂಗೆ ಗೊತ್ತು. ನನ್ನ ಮೈಗೆ ಗೊತ್ತಿಲ್ಲ. ಹುಚ್ಚಲ್ವಾ ಇದು?"

"ಹುಚ್ಚಲ್ಲ. ಭಯಕ್ಕೆ ಕಾರಣ ಇದೆ, ಅಳತೆ ಮೀರಿದೆ ಅಷ್ಟೇ. ನೀವು ಕಿವಿ ಅಳೆಯೋ ಹಾಗೆ ಇದನ್ನೂ ಮೆಲ್ಲಗೆ ಅಳೆಯೋಣ. ಸಣ್ಣ ಸದ್ದಿಂದ ದೊಡ್ಡ ಸದ್ದಿಗೆ."

ಸಣ್ಣ ಸದ್ದು ಎಂದರೆ ಬಸ್ ನಿಲ್ದಾಣದ ಪೋಸ್ಟರು. ದಿನಾ ಐದು ನಿಮಿಷ ಅದರೆದುರು ನಿಂತು ಉಸಿರು ಎಣಿಸಬೇಕು. ನಾಲ್ಕನೇ ದಿನ ಯಾರೋ ಒಬ್ಬ, "ಅಕ್ಕಾ, ನಿಮ್ಮಂಥ ನಿಷ್ಠಾವಂತರೇ ಬೇಕು ನಮ್ಮ ಪಕ್ಷಕ್ಕೆ," ಎಂದು ಇನ್ನೂರು ಕರಪತ್ರದ ಕಟ್ಟನ್ನು ಕೈಗಿಟ್ಟು ಹೋದ. ಅದನ್ನು ಕೇಳಿ ಡಾಕ್ಟ್ರಮ್ಮನೂ ಆಯಾಳೂ ಕ್ಯಾಂಟೀನಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಮುಂದಿನ ಮೆಟ್ಟಿಲು ಟಿವಿ, ಸದ್ದು ಆರಿಸಿ. ಅದರ ಮುಂದಿನದು ಸದ್ದು ಹಾಕಿ. ಅಲ್ಲಿಗೆ ಬಂದು ನಿಂತಿತ್ತು. ಇನ್ನೂ ಆರು ಮೆಟ್ಟಿಲು ಬಾಕಿ.

ಮಂಗಳವಾರ ಹತ್ತೂ ಹತ್ತಕ್ಕೆ ಪುಟ್ಟಿ ಮಲಗಿದಳು. ಹತ್ತೂ ಇಪ್ಪತ್ತಕ್ಕೆ ಬಿಲ್ಲೆಗಳು ಅಂಟಿದವು. ಹತ್ತೂ ಇಪ್ಪತ್ತೈದಕ್ಕೆ ಹೊರಗೆ ಬಾಗಿಲುಗಳು ಬಡಿದುಕೊಂಡವು. ಡಬ್, ಡಬ್, ಡಬ್, ಡಬ್, ಡಬ್.

ಬಿಂದಿಗೆ ಬೋರಲಾಯಿತು.

ಮೊದಲು ಒಳನುಗ್ಗಿದವನು ಕಂಕುಳಲ್ಲಿ ಫೈಲು ಇಟ್ಟುಕೊಂಡ ಸಹಾಯಕ. "ಯಾರ್ರೀ ಇಲ್ಲಿ ಇನ್‌ಚಾರ್ಜು? ಸಾಹೇಬ್ರು ಬರ್ತಾ ಇದ್ದಾರೆ. ಒಳಗಿನ ರೂಮು ಖಾಲಿ ಮಾಡ್ಸಿ. ಹತ್ತೇ ನಿಮಿಷದ ಕೆಲ್ಸ. ಒಂದು ಸರ್ಟಿಫಿಕೇಟು."

ಕಿವಿ ಮೇಡಮ್ಮು ಹೊರಬಂದು ಬಾಗಿಲನ್ನು ಬೆನ್ನಿಂದ ಒತ್ತಿ ಮುಚ್ಚಿದಳು. ತುಟಿಯ ಮೇಲೆ ಬೆರಳಿಟ್ಟಳು. "ಮಗು ಮಲಗಿದೆ," ಎಂದದ್ದು ಅವಳಿಗೇ ಕೇಳಿಸಲಿಲ್ಲ.

"ಮಲಗಿದ್ರೆ ಎತ್ಕೊಂಡು ಹೋಗೋಕೆ ಹೇಳಿ. ಮನೇಲಿ ಮಲಗಿಸ್ಲಿ."

"ಮನೇಲಿ ಮಲಗ್ಸೋಕೆ ಎರಡು ಬಸ್ಸು ಹತ್ತಿ ಇಲ್ಲಿಗ್ಯಾಕಪ್ಪಾ ಬರ್ತಾರೆ?" ಎಂದಳು ಆಯಾ, ಕಸಪೊರಕೆ ಬಿಡದೆ.

ಸಹಾಯಕ ದನಿ ತಗ್ಗಿಸಿ ವಿಷಯ ಹೇಳಿದ. ಹೋದ ವಾರ ಸಭೆಯಲ್ಲಿ ಯಾರೋ ರಸ್ತೆಯ ಬಗ್ಗೆ ಕೇಳಿದ ಪ್ರಶ್ನೆಗೆ ಸಾಹೇಬರು ಹಾಲಿನ ಬಗ್ಗೆ ಹದಿನೈದು ನಿಮಿಷ ಉತ್ತರ ಕೊಟ್ಟುಬಿಟ್ಟಿದ್ದರು. ಎದುರು ಪಕ್ಷದವರು ಕಿವುಡ, ಕಿವುಡ ಎಂದು ಊರೆಲ್ಲ ಸಾರುತ್ತಿದ್ದಾರೆ. ಮಧ್ಯಾಹ್ನ ಪತ್ರಿಕೆಯವರ ಮುಂದೆ ಸಾಹೇಬರ ಕಿವಿ ಸರಿಯಾಗಿದೆ ಎಂಬ ಕಾಗದ ಹಿಡಿಯಬೇಕು. "ದೊಡ್ಡ ಡಾಕ್ಟ್ರಿಗೆ ಹೇಳಿದ್ದೇವೆ. ನೀವು ಬರೆದು ಸಹಿ ಹಾಕಿದ್ರೆ ಆಯ್ತು. ಪರೀಕ್ಷೆ ಮಾಡಿದ ಹಾಗೆ ಒಂದು ಫೋಟೋ ಬೇಕು, ಆ ಗಾಜಿನ ರೂಮಲ್ಲಿ."

ಅಷ್ಟರಲ್ಲಿ ಸಾಹೇಬರೇ ಬಂದರು. ಬಾಗಿಲಿನ ಅಗಲ ಅವರು, ಹಿಂದೆ ನಾಲ್ವರು. ಹೊಸ ಶೂ ಹೆಜ್ಜೆ ಹೆಜ್ಜೆಗೂ ಕಿರ್ ಕಿರ್ ಎನ್ನುತ್ತಿತ್ತು. "ಏನಮ್ಮಾ! ಎಲ್ಲಿ ಕೂರ್ಬೇಕು ನಾನು!" ಎಂದರು. ಕಿವಿ ಕೇಳಿಸದವರಿಗೆ ತಮ್ಮ ದನಿಯ ಅಳತೆಯೂ ಸಿಗುವುದಿಲ್ಲ. ಆ ಒಂದು ಮಾತಿಗೆ ಮೇಜಿನ ಮೇಲಿನ ಲೋಟ ಅದುರಿತು. ಒಳಗೆ, ಗಾಜಿನಾಚೆ, ಪುಟ್ಟಿಯ ಕಾಲು ಒಮ್ಮೆ ಎಗರಿ ಬಿದ್ದಿತು.

ಕಿವಿ ಮೇಡಮ್ಮಿನ ಕಾಲು ಹೊರಟವು. ಕೋಣೆ ದಾಟಿದವು, ಕಾರಿಡಾರಿಗೆ ಬಂದವು. ಬಚ್ಚಲು ಇಪ್ಪತ್ತು ಹೆಜ್ಜೆ.

ಕಾರಿಡಾರಿನ ಬೆಂಚಿನ ಜನ ಅವಳ ಕಣ್ಣಿಗೆ ಬಿದ್ದದ್ದು ಆಗ. ಬೆಳಿಗ್ಗೆ ಏಳಕ್ಕೇ ಬಂದು ಟೋಕನ್ನು ಹಿಡಿದು ಕೂತವರು. ಎಲ್ಲರೂ ಎದ್ದು ನಿಂತಿದ್ದರು. ಯಾರೂ ಏಳಿ ಅಂದಿರಲಿಲ್ಲ. ಹದಿಮೂರನೇ ಟೋಕನ್ನಿನ ಮುದುಕ, ಒಂದು ಕಾಲಿನ ಪಾದವೇ ಇಲ್ಲದ ಮುದುಕ, ಊರುಗೋಲು ಕೈಗೆ ಸಿಗದೆ ಗೋಡೆಗೆ ಅಂಗೈ ಒತ್ತಿ ನಿಂತಿದ್ದ. ತುಂಬು ಬಸುರಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದಳು. ಸಾಹೇಬರು ಅವರತ್ತ ನೋಡಿಯೂ ಇರಲಿಲ್ಲ. ನಿಲ್ಲಿಸಿದವರ ಫೋಟೋ ಎಲ್ಲಿ?

ಅವಳು ತಿರುಗಿ ಗಾಜಿನ ಕಡೆ ನೋಡಿದಳು. ಒಳಗಿಂದ ಪುಟ್ಟಿಯ ಅಮ್ಮ ಅವಳನ್ನೇ ನೋಡುತ್ತಿದ್ದಳು. ಬೇಡುವ ಮುಖವಲ್ಲ. ಇನ್ನೊಂದು ತಾರೀಕು ಕೇಳಲು ಆಗಲೇ ತಯಾರಾದ ಮುಖ.

ಎಲ್ಲಿತ್ತೋ ಏನೋ ಆ ಸಿಟ್ಟು! ಅಂಗೈ ಒದ್ದೆಯಾಗಿಯೇ ಇತ್ತು, ಆದರೆ ಎದೆಯಲ್ಲಿ ಒಲೆ ಹತ್ತಿಕೊಂಡಿತು. ಇಪ್ಪತ್ತು ವರ್ಷ ತನ್ನ ಪುಕ್ಕಲುತನ ಎಂದು ನಾಚಿಕೊಂಡಿದ್ದರ ಅಡಿಯಲ್ಲಿ ಇದೇ ಕೂತಿತ್ತಲ್ಲ! ತಡ್ಕೋ, ತಡ್ಕೋ ಎಂದು ಯಾರೋ ಹೇಳಿದ್ದಕ್ಕೆ ಬಾಯಿಮುಚ್ಚಿಕೊಂಡು ಕೂತಿತ್ತು. ಅವಳು ತಪ್ಪು ಮಾಡಿರಲಿಲ್ಲ. ಏಳು ವರ್ಷದ ಹೊಟ್ಟೆಗೆ ಐದೂವರೆ ಗಂಟೆ ಹಿಡಿಯುವುದಿಲ್ಲ, ಅಷ್ಟೇ.

ಆಗಲೇ ಅಜ್ಜಿಯ ಕಥೆಯೂ ನೆನಪಾದದ್ದು. ಫ್ರಾಕು ಒಗೆದ ದಿನ, ತೊಡೆಯ ಮೇಲೆ ಮಲಗಿಸಿಕೊಂಡು ಹೇಳಿದ್ದು. ಊರ ಬಾವಿಯ ಕಟ್ಟೆಯಲ್ಲಿ ಒಬ್ಬ ರಾಕ್ಷಸ ಬಂದು ನಿಂತನಂತೆ. ಏಳಾಳೆತ್ತರ. ಅವನು ನಿಂತಿದ್ದಾನೆಂದು ಊರಿಗೂರೇ ಬಿಂದಿಗೆ ಬಿಟ್ಟು ಓಡಿತಂತೆ. ಒಬ್ಬ ಹುಡುಗಿ ಮಾತ್ರ ಹೋಗಿ, "ಬೆಳಿಗ್ಗೆಯಿಂದ ನಿಂತೇ ಇದ್ದೀಯಲ್ಲ ಮಾರಾಯಾ, ಕಾಲು ನೋಯಲ್ವಾ? ಕೂತ್ಕೋ," ಎಂದಳಂತೆ. ಹುಟ್ಟಿದಾಗಿನಿಂದ ಅವನಿಗೆ ಯಾರೂ ಕೂತ್ಕೋ ಅಂದಿರಲಿಲ್ಲ. ಕೂತ. ಕೂತರೆ ಅವನ ತಲೆ ಅವಳ ಸೊಂಟಕ್ಕೆ ಬಂತು. "ಅಯ್ಯೋ ಮೊಣಕಾಲು!" ಎಂದು ನರಳಿದ.

"ಆಮೇಲೆ ಅವನನ್ನ ಕೊಂದ್ಲಾ ಅಜ್ಜೀ?"

"ಕೊಂದ್ರೆ ಅಷ್ಟು ದೊಡ್ಡ ಹೆಣ ಎತ್ತೋರ್ಯಾರೇ? ಅವಳಿಗೆ ಬೇಕಾಗಿದ್ದು ನೀರು. ಸೇದಿಕೊಂಡು ಮನೆಗೆ ಹೋದ್ಲು."

ಕಿವಿ ಮೇಡಮ್ಮಿಗೆ ಬೇಕಾಗಿದ್ದು ಇಪ್ಪತ್ತು ನಿಮಿಷ.

ಬೆಂಚಿನವರಿಗೆ ಕೈಯಲ್ಲೇ ಕೂರಿ ಎಂದು ಸನ್ನೆ ಮಾಡಿ ಅವಳು ಕೋಣೆಗೆ ವಾಪಸಾದಳು. "ಕೂತ್ಕೊಳ್ಳಿ," ಎಂದಳು. ದನಿ ಇಲಿಮರಿಯ ಹಾಗೆ ಬಂತು.

"ಏನೂ?" ಎಂದು ಸಾಹೇಬರು ಗುಡುಗುವ ಮೊದಲೇ ಮರದ ಸ್ಟೂಲನ್ನು ಎಳೆದು ಅದರ ಮೇಲೆ ತಟ್ಟಿ ತೋರಿಸಿದಳು. ಸ್ಟೂಲು ಮಕ್ಕಳಿಗೂ ಆಗುವಷ್ಟು ಗಿಡ್ಡ. ಸಾಹೇಬರು ಸುತ್ತ ನೋಡಿದರು, ಬೇರೆ ಕುರ್ಚಿ ಕಾಣಲಿಲ್ಲ, ಕೂತರು. ಎರಡೂ ಮೊಣಕಾಲು ಲಟಕ್ ಎಂದವು. "ಅಮ್ಮಾ," ಎಂದು ಮೆಲ್ಲಗೆ ಬಾಯಿಂದ ಹೊರಟೇಹೋಯಿತು. ಮೇಲಿನಿಂದ ನೋಡಿದರೆ ಕಪ್ಪು ಬಣ್ಣ ಹಚ್ಚಿದ ಕೂದಲಿನ ಬೈತಲೆಯಲ್ಲಿ ಒಂದು ಬೆರಳಗಲ ಬಿಳಿ ಬುಡ ಕಾಣುತ್ತಿತ್ತು. ಯಾರೂ ಅವರನ್ನು ಮೇಲಿನಿಂದ ನೋಡಿರಲಿಕ್ಕಿಲ್ಲ, ಅದಕ್ಕೇ ಯಾರೂ ಹೇಳಿರಲಿಕ್ಕಿಲ್ಲ.

ಅವಳು ಮೇಜಿನ ಖಾನೆಯಿಂದ ದೊಡ್ಡ ಅಕ್ಷರದ ಕಾರ್ಡು ತೆಗೆದು ಮುಂದೆ ಹಿಡಿದಳು. ಕಿವಿ ಮಂದವಾದವರಿಗೆಂದು ಅವಳೇ ಬರೆದಿಟ್ಟದ್ದು. 'ಸದ್ದು ಕೇಳಿಸಿದಾಗ ಮಾತ್ರ ಗುಂಡಿ ಒತ್ತಿ. ಕೇಳಿಸದಿದ್ದರೆ ಒತ್ತಬೇಡಿ. ಮಾತಾಡಬೇಡಿ, ಅಲ್ಲಾಡಬೇಡಿ. ಕೇಳಿಸದಿರುವುದು ತಪ್ಪಲ್ಲ.' ಸಾಹೇಬರು ಓದಿದರು, ಗೊತ್ತು ಗೊತ್ತು ಎಂಬಂತೆ ತಲೆಯಾಡಿಸಿದರು. ಶೂ ಕಡೆ ಕೈ ತೋರಿಸಿದಳು. ಸಹಾಯಕ ಬಗ್ಗಿ ಕಳಚಿದ. ಕಾಲುಚೀಲದ ಹೆಬ್ಬೆರಳಲ್ಲಿ ತೂತಿತ್ತು.

"ರೂಮು ಅಂದ್ರೆ ಗಾಜಿನ ರೂಮು, ಇದಲ್ಲ," ಎಂದು ಸಹಾಯಕ ಪಿಸುಗುಟ್ಟಿದ. ಪಿಸುಗುಟ್ಟಿದ! ಇಲ್ಲಿಗೆ ಬಂದು ಐದು ನಿಮಿಷದಲ್ಲಿ ಅವನಿಗೂ ಅಷ್ಟು ಬಂದಿತ್ತು.

"ಮೊದಲು ಇದು," ಎಂದಳು. ಹೆಡ್‌ಫೋನನ್ನು ಸಾಹೇಬರ ತಲೆಗೆ ಹಾಕಿ, ಗುಂಡಿಯನ್ನು ಕೈಗೆ ಕೊಟ್ಟಳು. ಹಳೆಯ ಚಿಕ್ಕ ಮಷೀನು ಹಾಕಿ, ಅದರ ತೂತಿಗೆ ಹೆಡ್‌ಫೋನಿನ ಪಿನ್ನು ಸಿಕ್ಕಿಸಲು ಹೋದಳು. ಕೈ ಎಷ್ಟು ನಡುಗುತ್ತಿತ್ತೆಂದರೆ ದಿನಾ ಮೂವತ್ತು ಸಲ ಸಿಕ್ಕಿಸುವ ಪಿನ್ನು ತೂತಿಗೆ ಹೋಗಲೇ ಇಲ್ಲ. ಒಂದು ಸಲ ಜಾರಿತು. ಎರಡು ಸಲ ಜಾರಿತು. ಮೂರನೇ ಸಲ ಕೈಯಿಂದಲೇ ಬಿದ್ದು ಮೇಜಿನಡಿ ತೂಗಾಡತೊಡಗಿತು.

ಆಗ ಮಷೀನಿನ ಕೆಂಪು ದೀಪ ಹತ್ತಿತು.

ಗುಂಡಿ ಒತ್ತಿದರೆ ಹತ್ತುವ ದೀಪ ಅದು. ಕಿವಿ ಮೇಡಮ್ಮು ದೀಪ ನೋಡಿದಳು, ತೂಗಾಡುವ ಪಿನ್ನು ನೋಡಿದಳು, ಸಾಹೇಬರ ಮುಖ ನೋಡಿದಳು. ಕಣ್ಣು ಅರೆಮುಚ್ಚಿ, ಗದ್ದ ಎತ್ತಿ, ಅತಿ ಸೂಕ್ಷ್ಮವಾದ ಸಂಗೀತವೇನೋ ಕೇಳಿಸುತ್ತಿರುವವರ ಹಾಗೆ ಕೂತಿದ್ದರು. ಮತ್ತೊಮ್ಮೆ ಒತ್ತಿದರು. ದೀಪ ಹತ್ತಿತು.

ಅವಳು ಪಿನ್ನನ್ನು ಎತ್ತಿಕೊಂಡಳು. ತೂತಿಗೆ ಸಿಕ್ಕಿಸಲಿಲ್ಲ. ಮೇಜಿಗೆ ಒರಗಿದ ಹಾಗೆ ಮಾಡಿ, ಬಿಳಿ ಕೋಟಿನ ಮರೆಯಲ್ಲಿ ಪಿನ್ನನ್ನು ಮೇಜಿನಂಚಿನ ಪುಸ್ತಕದ ಕೆಳಗೆ ಸೇರಿಸಿದಳು. ಆಯಾ ಕಣ್ಣರಳಿಸಿ ನೋಡುತ್ತಿದ್ದಳು.

"ಎಷ್ಟು ಸಲ ಒತ್ತುತ್ತಾರೆ ಅಂತ ಗೀಟು ಹಾಕ್ತಾ ಇರಿ," ಎಂದು ಆಯಾಳ ಕಿವಿಯಲ್ಲಿ ಹೇಳಿದಳು.

"ನೀನು ಒಳಗೆ ಹೋಗು ಮಗಾ," ಎಂದಳು ಆಯಾ. ಆಮೇಲೆ ಆ ನಾಲ್ವರತ್ತ ತಿರುಗಿ ಬಾಗಿಲಿನ ಹೊರಗೆ ಪೊರಕೆ ತೋರಿಸಿದಳು. "ಆಚೆ. ನೀವು ಉಸಿರು ಬಿಟ್ರೆ ಅದೂ ಮಷೀನಿಗೆ ಕೇಳುತ್ತೆ. ಆಮೇಲೆ ಸಾಹೇಬ್ರಿಗೆ ಮಾರ್ಕ್ಸು ಕಡಿಮೆಯಾದ್ರೆ ನನ್ನನ್ನ ಕೇಳ್ಬೇಡಿ."

ಭಾರದ ಬಾಗಿಲು ಮುಚ್ಚಿಕೊಂಡಿತು. ಒಳಗೆ ಬೇರೆಯದೇ ಲೋಕ. ಪುಟ್ಟಿಯ ಉಸಿರು, ಅಮ್ಮನ ಅಂಗೈ ಸವರುವ ಸದ್ದು, ಮಷೀನಿನ ಸಣ್ಣ ಗುಂಯ್. ಕಿವಿ ಮೇಡಮ್ಮು ಕೂತಳು. ಎಡಗೈಯಿಂದ ಬಲಗೈ ಹಿಡಿದುಕೊಂಡು ಗುಂಡಿ ತಿರುಗಿಸಿದಳು. ಎಡಗಿವಿ ಮೊದಲು. ಟಿಕ್ ಟಿಕ್ ಟಿಕ್. ಪರದೆಯ ಮೇಲೆ ಗೆರೆ ಬಯಲಿನ ಹಾಗೆ ಮಲಗಿತ್ತು. ಸದ್ದು ಏರಿಸಿದಳು. ಬಯಲೇ. ಮತ್ತೂ ಏರಿಸಿದಳು. ಗುಡ್ಡವಿರಲಿ, ಒಂದು ದಿಬ್ಬವೂ ಇಲ್ಲ. ಅಮ್ಮ ಪರದೆ ನೋಡುತ್ತಿರಲಿಲ್ಲ, ಮೇಡಮ್ಮಿನ ಮುಖ ನೋಡುತ್ತಿದ್ದಳು. ಅದಕ್ಕೇ ಅವಳು ಮುಖವನ್ನು ಕಲ್ಲು ಮಾಡಿಕೊಂಡಳು.

ನಡುವೆ ಒಮ್ಮೆ ಗಾಜಿನಾಚೆ ಕಣ್ಣು ಹೋಯಿತು. ಸಾಹೇಬರು ಸ್ಟೂಲಿನ ಮೇಲೆ ಅಲ್ಲಾಡದೆ ಕೂತಿದ್ದರು. ಕೆಂಪು ದೀಪ ಹತ್ತುತ್ತಿತ್ತು, ಆರುತ್ತಿತ್ತು. ಆಯಾ ಗೀಟು ಎಳೆಯುತ್ತಿದ್ದಳು. ಸಹಾಯಕ ಫೋಟೋ ತೆಗೆಯುತ್ತಿದ್ದ. ಎಂಥ ಹೆಮ್ಮೆ ಆ ಮುಖದಲ್ಲಿ! ಇವನ ಮುಂದೆ ಎಷ್ಟು ಜನ ನಿಂತು ಕಷ್ಟ ಹೇಳಿಕೊಂಡಿರಬೇಕು, ಎಲ್ಲದಕ್ಕೂ ಹೀಗೆಯೇ ತಲೆಯಾಡಿಸಿರಬೇಕು. ಅವಳ ಒಲೆ ಇನ್ನಷ್ಟು ಉರಿಯಿತು. ಎಡಗೈ ಬಲಗೈಯನ್ನು ಯಾವಾಗ ಬಿಟ್ಟಿತೋ ಅವಳಿಗೆ ತಿಳಿಯಲಿಲ್ಲ.

ಬಲಗಿವಿ. ಟಿಕ್ ಟಿಕ್ ಟಿಕ್. ಬಯಲು. ಏರಿಸಿದಳು. ಬಯಲು. ಇನ್ನೂ ಏರಿಸಿದಳು. ಗೆರೆ ಮಿಸುಕಿತು. ಮೊದಲು ಸಣ್ಣದೊಂದು ಉಬ್ಬು, ಆಮೇಲೆ ಇನ್ನೊಂದು, ಮೆಲ್ಲಗೆ, ಅಜ್ಜಿಯ ಇನ್ಯಾವುದೋ ಕಥೆಯಲ್ಲಿ ಮಲಗಿದ ಬೆಟ್ಟಗಳು ಏಳುವ ಹಾಗೆ. ಐದನೆಯ ಗುಡ್ಡ ಎದ್ದು ನಿಂತಿತು. ಇನ್ನೊಮ್ಮೆ ಮಾಡಿದಳು. ಅದೇ ಜಾಗದಲ್ಲಿ ಎದ್ದು ನಿಂತಿತು.

"ಎಡಗಿವಿಯಲ್ಲಿ ಇಲ್ಲ," ಎಂದಳು ಅಮ್ಮನಿಗೆ, ಪಿಸುದನಿಯಲ್ಲಿ. "ಬಲಗಿವಿಯಲ್ಲಿ ಇದೆ. ಸ್ವಲ್ಪವೇ, ಆದ್ರೆ ಇದೆ. ಕಿವಿಗೆ ಮಷೀನು ಹಾಕಿದ್ರೆ ಮಾತು ಕಲಿಸಬಹುದು. ಈ ವಾರವೇ ಶುರುಮಾಡೋಣ. ಇನ್ನು ತಡ ಬೇಡ."

ಅಮ್ಮ ಬಗ್ಗಿ ಮಗುವಿನ ಬಲಗಿವಿ ನೋಡಿದಳು. ಆಮೇಲೆ, "ಹಾಗಾದ್ರೆ ನಾನು ಬೈದಿದ್ದೆಲ್ಲ ಕೇಳಿಸಿದ್ಯಾ ಮೇಡಂ ಇವಳಿಗೆ?"

"ಬಲಗಡೆ ನಿಂತು, ಚೆನ್ನಾಗಿ ಕಿರುಚಿ ಬೈದಿದ್ರೆ ಕೇಳಿಸಿರುತ್ತೆ."

ಅಮ್ಮ ಸೆರಗಿನಿಂದ ಬಾಯಿ ಒತ್ತಿಕೊಂಡಳು. ನಗುವೋ ಅಳುವೋ, ಭುಜ ಮಾತ್ರ ಕುಲುಕುತ್ತಿತ್ತು. ಪುಟ್ಟಿ ಮಲಗಿಯೇ ಇದ್ದಳು.

ಕಿವಿ ಮೇಡಮ್ಮು ಹೊರಬಂದು ಸಾಹೇಬರ ತಲೆಯಿಂದ ಹೆಡ್‌ಫೋನು ತೆಗೆದಳು.

"ಒಂದೂ ಬಿಟ್ಟಿಲ್ಲ!" ಎಂದರು ಸಾಹೇಬರು. "ಚೂರು ಚೂರು ಸದ್ದೂ ಕೇಳಿಸ್ತು. ಬರೆದುಕೊಡಮ್ಮಾ."

"ಎಷ್ಟಾಯ್ತು?" ಎಂದು ಅವಳು ಆಯಾಳನ್ನು ಕೇಳಿದಳು.

"ಅರವತ್ತೆರಡು. ಮಧ್ಯೆ ಕೆರೆದುಕೊಂಡಾಗ ಒಂದು ಬಿಟ್ಟಿರಬಹುದು."

ಕಿವಿ ಮೇಡಮ್ಮು ಪುಸ್ತಕ ಎತ್ತಿ ಪಿನ್ನನ್ನು ಹಿಡಿದು ತೋರಿಸಿದಳು. ಮಷೀನಿನ ಖಾಲಿ ತೂತು ತೋರಿಸಿದಳು. ಸಾಹೇಬರಿಗೆ ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಸಹಾಯಕನಿಗೆ ಬೇಗ ತಿಳಿಯಿತು.

"ಇದು ಮೋಸ! ಯಾರ ಹತ್ರ ಆಟ ಆಡ್ತಿದ್ದೀರಿ ಗೊತ್ತಾ? ನಾಳೆ ಎಲ್ಲಿರ್ತೀರಿ ಗೊತ್ತಾ?"

ಬಿಂದಿಗೆ ಮತ್ತೆ ಅಲುಗಾಡಿತು. ಬೀಳಲಿಲ್ಲ. "ಪಿನ್ನು ಬಿದ್ದದ್ದು ನನ್ನ ಕೈ ನಡುಗಿ," ಎಂದಳು. "ಬಿಟ್ಟದ್ದು ನಾನೇ. ಕೇಳಿಸಿದ್ರೆ ಮಾತ್ರ ಒತ್ತಿ ಅಂತ ಕಾರ್ಡಿನಲ್ಲಿದೆ. ಕೇಳಿಸದಿರೋದು ತಪ್ಪಲ್ಲ ಅಂತಾನೂ ಇದೆ. ಅದನ್ನೂ ಓದಿ ಇವರು ಅರವತ್ತೆರಡು ಸಲ ಸುಳ್ಳು ಒತ್ತಿದ್ದಾರೆ. ಇಲ್ಲಿಗೆ ದಿನಾ ಜನ ಬರ್ತಾರೆ, ಕೇಳಿಸಲ್ಲ ಅಂತ ಒಪ್ಕೊಳ್ಳೋಕೆ ಅವರಿಗೂ ನಾಚಿಕೆ ಇರುತ್ತೆ. ಆದ್ರೂ ಒಪ್ಕೋತಾರೆ. ಆ ಮಗು ಬೆಳಗಿನ ಜಾವದಿಂದ ನಿದ್ದೆಗೆಟ್ಟು ಬಂದು ಮಲಗಿದೆ. ಎತ್ಕೊಂಡು ಹೋಗಿ ಅಂದ್ರಲ್ಲ! ನಾನು ಸುಳ್ಳು ಕಾಗದ ಬರೆಯಲ್ಲ. ನಿಜವಾದ ಪರೀಕ್ಷೆ ಬೇಕಾದ್ರೆ ಮಾಡ್ತೀನಿ. ಹದಿಮೂರು ಜನ ಆದಮೇಲೆ."

"ಏನಂತೆ?" ಎಂದು ಸಾಹೇಬರು ಸಹಾಯಕನನ್ನು ಕೇಳಿದರು. ಈ ಸಲ ದನಿ ಸಣ್ಣದಿತ್ತು.

ಅವಳೇ ಕಾರ್ಡಿನ ಹಿಂದೆ ದೊಡ್ಡದಾಗಿ ಬರೆದು ಕೊಟ್ಟಳು. 'ಪಿನ್ನು ಸಿಕ್ಕಿಸಿರಲಿಲ್ಲ. ಸದ್ದೇ ಬಂದಿಲ್ಲ. ನಿಮ್ಮ ಸರದಿ ಹದಿನಾಲ್ಕು.' ಅವರು ಓದಿದರು. ಎರಡನೇ ಸಲವೂ ಓದಿದರು. ಬೈತಲೆಯ ಬಿಳಿ ಬುಡದವರೆಗೂ ಕೆಂಪಾದರು.

ಅಷ್ಟು ಹೊತ್ತಿಗೆ ಕಿವಿ ಮೇಡಮ್ಮಿಗೆ ಬೇರೊಂದು ವಿಷಯ ನೆನಪಾಯಿತು. ಬೆಳಿಗ್ಗೆಯಿಂದ ಹೋಗಿರಲಿಲ್ಲ.

"ನಾನು ಒಂದಕ್ಕೆ ಹೋಗಿ ಬರ್ತೀನಿ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ಅಲ್ಲಿವರೆಗೆ ಎಲ್ರೂ ಇರಿ."

ಯಾರೂ ತಡ್ಕೋ ಅನ್ನಲಿಲ್ಲ. ಇಪ್ಪತ್ತು ಹೆಜ್ಜೆ ನಡೆದಳು. ಟೈಲ್ಸು ಎಣಿಸಲಿಲ್ಲ. ಕೈ ತೊಳೆದು, ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಬಿಳಿಚಿಕೊಂಡಿತ್ತು. ಭಯ ಹೋಗಿರಲಿಲ್ಲ. ಮುಂದಿನ ಸಲವೂ ಬಾಗಿಲುಗಳು ಬಡಿದುಕೊಳ್ಳುತ್ತವೆ, ಅಂಗೈ ಒದ್ದೆಯಾಗುತ್ತದೆ. ಆಗಲಿ. ಒದ್ದೆ ಅಂಗೈಯಲ್ಲೂ ಸ್ಟೂಲು ಎಳೆಯಬಹುದು. ಡಾಕ್ಟ್ರಮ್ಮನಿಗೆ ಹೇಳಬೇಕು, ಉಳಿದ ಆರು ಮೆಟ್ಟಿಲಲ್ಲಿ ಎಷ್ಟು ಒಟ್ಟಿಗೆ ಹಾರಿದೆ ಎಂದು.

ವಾಪಸು ಬಂದಾಗ ಸಹಾಯಕ ಕಾರಿಡಾರಿನ ಆ ತುದಿಯಲ್ಲಿ ಫೋನಿಗೆ ಕಿರುಚುತ್ತಿದ್ದ. ಅವಳ ಹುದ್ದೆ, ಅವಳ ವರ್ಗಾವಣೆ, ದೊಡ್ಡ ಡಾಕ್ಟ್ರು, ಎಲ್ಲ ಮಾತೂ ಕೇಳಿಸಿತು. ಕಿರುಚಲಿ. ಪುಟ್ಟಿಯ ಕಾಗದಕ್ಕೆ ಅವಳು ಆಗಲೇ ಸಹಿ ಹಾಕಿಯಾಗಿತ್ತು. ಸಾಹೇಬರು ಕಾರ್ಡು ಹಿಡಿದುಕೊಂಡು ಬೆಂಚಿನ ಮೇಲೆ, ಪಾದವಿಲ್ಲದ ಮುದುಕನ ಪಕ್ಕ ಕೂತಿದ್ದರು. ಒಳ್ಳೆಯತನದಿಂದಲ್ಲ. ಕಾಗದವಿಲ್ಲದೆ ಪತ್ರಿಕೆಯವರ ಮುಂದೆ ಹೋಗುವ ಹಾಗಿರಲಿಲ್ಲ. ಶೂ ಒಳಗೆ ಉಳಿದಿತ್ತು, ಆಯಾ ನೆಲ ಒರೆಸುತ್ತಿದ್ದೇನೆಂದು ಕೊಡುತ್ತಿರಲಿಲ್ಲ.

ಮಧ್ಯಾಹ್ನ ಸರಿಯುತ್ತಾ ಹೋಯಿತು. ಟೋಕನ್ನುಗಳು ಒಂದೊಂದಾಗಿ ಕರಗಿದವು. ಕಿವಿ ಮೇಡಮ್ಮು ಬಾಗಿಲಿಗೆ ಬಂದು ಕೂಗಿದಳು, "ಹದಿಮೂರು!"

ಮುದುಕ ಊರುಗೋಲು ತಡಕಾಡಿದ. ಸಾಹೇಬರಿಗೆ ಕೇಳಿಸಿರಲಿಲ್ಲ, ಅವಳ ಬಾಯಿ ಆಡಿದ್ದು ಮಾತ್ರ ಕಂಡಿತ್ತು. ಮುದುಕನಿಗಿಂತ ಮೊದಲು ಎದ್ದು ನಿಂತರು.

ಆಯಾ ಒದ್ದೆ ಕೈಯನ್ನು ಅವರ ಭುಜದ ಮೇಲಿಟ್ಟಳು. "ನಿಮ್ಮದಲ್ಲ," ಎಂದಳು. "ಕೂತ್ಕೊಳ್ಳಿ."